ಎರಡು ಯೂನಿವರ್ಸಿಟಿ, ಒಂದು ಬಂಗುಡೆ

ಮನೆಯಲ್ಲಿ ಒಬ್ಬರು ಕಡಿಮೆಯಾದರೆ ಸಲಹೆ ಕೊಡುವವರು ಹೆಚ್ಚಾಗುತ್ತಾರೆ. ನನ್ನ ಗಂಡ ತೀರಿಹೋದ ಮೇಲೆ ಇದನ್ನು ದಿನವೂ ನೋಡುತ್ತಿದ್ದೇನೆ.

ಮಗಳಿಗೆ ಭೌತಶಾಸ್ತ್ರ ಓದಿ, ಮುಂದೆ ಸಂಶೋಧನೆ ಮಾಡುವ ಆಸೆ. ಬಿಎಸ್ಸಿಗೆ ಎರಡು ಯೂನಿವರ್ಸಿಟಿಗಳಲ್ಲಿ ಸೀಟು ಸಿಕ್ಕಿತು. ಒಂದು ಇಲ್ಲೇ ಊರ ಹೊರಗಿನದು, ಇನ್ನೊಂದು ಹೈದರಾಬಾದಿನದು. ಅಲ್ಲಿ ಓದಿದರೆ ಮುಂದಿನ ದಾರಿ ಸುಲಭ. ಇಲ್ಲಿ ಓದಿದರೆ ಸಂಜೆ ಮನೆಗೆ ಬರುತ್ತಾಳೆ. ನಾನು ಗಣಿತದ ಟೀಚರ್. ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ.

೧

ಸ್ಟಾಫ್ ರೂಮಿನಲ್ಲಿ ನಮ್ಮ ಹೆಡ್‌ಮಾಸ್ಟರು ಸಮಾಧಾನ ಹೇಳಿದರು.

"ಇಷ್ಟು ಮಂಡೆಬಿಸಿ ಯಾಕೆ ಟೀಚರೇ? ಮದುವೆ ಕಾಗದದಲ್ಲಿ ಬಿಎಸ್ಸಿ ಅಂತ ಮಾತ್ರ ಹಾಕುವುದು. ಎಲ್ಲಿಯ ಬಿಎಸ್ಸಿ ಅಂತ ಯಾರು ಕೇಳ್ತಾರೆ?"

"ಅವಳು ಪಿಎಚ್‌ಡಿಯೂ ಮಾಡ್ತಾಳಂತೆ ಸರ್."

ಅವರು ಚಹಾದ ಲೋಟ ಕೆಳಗಿಟ್ಟರು. "ಹಾಗಾದರೆ ಕಾಗದವೇ ಬೇಡ ಬಿಡಿ."

೨

ಇಲ್ಲಿಯ ಯೂನಿವರ್ಸಿಟಿ ನೋಡಲು ಹೋದೆವು. ತೋರಿಸಲು ಬಂದವರು ಈಜುಕೊಳ ತೋರಿಸಿದರು, ಏಸಿ ಹಾಲ್ ತೋರಿಸಿದರು, ಕ್ಯಾಂಟೀನಿನಲ್ಲಿ ಗೋಳಿಬಜೆ ಕೊಡಿಸಿದರು.

"ಫಿಸಿಕ್ಸ್ ಲ್ಯಾಬ್?" ಎಂದಳು ಮಗಳು.

"ಉಂಟು, ಆದರೆ ಬೀಗ ಹಾಕಿದ್ದೇವೆ. ಇನ್ಸ್‌ಪೆಕ್ಷನ್‌ಗೆ ತಂದ ಹೊಸ ಸಾಮಾನು. ಮಕ್ಕಳು ಮುಟ್ಟಿದರೆ ಹಾಳಾಗ್ತದಲ್ಲ?"

ಬಸ್ಸಿನಲ್ಲಿ ಮಗಳು ಹೇಳಿದಳು, "ಅಮ್ಮ, ಇಲ್ಲಿ ಈಜುವುದರಲ್ಲಿ ಪಿಎಚ್‌ಡಿ ಮಾಡಬಹುದು."

ನಾನು ಕಿಟಕಿಯ ಹೊರಗೆ ನೋಡಿದೆ. ಆದರೂ ಸಂಜೆ ಮನೆಗೆ ಬರುತ್ತಾಳಲ್ಲ ಎಂದೇ ಯೋಚಿಸುತ್ತಿದ್ದೆ.

೩

ಅಷ್ಟರಲ್ಲಿ ನನ್ನ ಗಂಡನ ವರ್ಷದ ಕಾರ್ಯ ಬಂತು. ತೀರಿಹೋದವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು, ಸ್ವಲ್ಪ ಹೊತ್ತು ಹೊರಗೆ ಕೂರುವುದು ನಮ್ಮ ಕ್ರಮ. ಅವರಿಗೆ ಹುರಿದ ಬಂಗುಡೆ ಮೀನು ಇಷ್ಟ.

ಮಸ್ಕತ್‌ನಿಂದ ಬಂದಿದ್ದ ಮೈದುನ ಹೇಳಿದ, "ಅತ್ತಿಗೆ, ನಾಳೆ ಫೀಸ್ ಕಟ್ಟಲು ಕೊನೆ ದಿನ. ನೀವು ಎಂತದೂ ಹೇಳುವುದಿಲ್ಲ. ಅಣ್ಣನನ್ನೇ ಕೇಳುವ." ಎಲೆಯ ಎರಡು ಬದಿಯಲ್ಲಿ ಎರಡೂ ಯೂನಿವರ್ಸಿಟಿಗಳ ಪುಸ್ತಿಕೆ ಇಟ್ಟ. ಬದುಕಿದ್ದಾಗ ಈ ಅಣ್ಣನ ಅಭಿಪ್ರಾಯವನ್ನು ಅವನು ಒಮ್ಮೆಯೂ ಕೇಳಿದವನಲ್ಲ.

ಬಾಗಿಲು ತೆಗೆದಾಗ ಬಂಗುಡೆ ಇರಲಿಲ್ಲ. ಹೈದರಾಬಾದಿನ ಪುಸ್ತಿಕೆಯ ಮೇಲೆ ಉದ್ದಕ್ಕೆ ಮಸಾಲೆಯ ಕೆಂಪು ಗುರುತು.

ನನ್ನ ಗಂಡನ ಅಕ್ಕ ಕೈಮುಗಿದರು. "ತಮ್ಮ ಸೈನ್ ಹಾಕಿದ್ದಾನೆ!"

"ಸೈನ್ ಅಲ್ಲ ಅಕ್ಕ, ಅದು ಕೆಂಪು ಗೀಟು. ಬೇಡ ಅಂತ ಹೊಡೆದು ಹಾಕಿದ್ದು," ಎಂದ ಮೈದುನ.

"ಅವನು ನಿನ್ನ ಹಾಗೆ ಕೊಂಕು ಬುದ್ಧಿಯವನಲ್ಲ!"

ಜಗಳ ಜೋರಾಗುತ್ತಿದ್ದಂತೆ ಮಂಚದ ಕೆಳಗೆ ಮುಳ್ಳು ಕಡಿಯುವ ಸದ್ದು. ಮಗಳು ಬಗ್ಗಿ ನೋಡಿದಳು. ನನ್ನ ಗಂಡನೇ ಮೀನು ಹಾಕಿ ಸಾಕಿದ ಗಂಡುಬೆಕ್ಕು, ಬಾಯಲ್ಲಿ ಬಂಗುಡೆಯ ಬಾಲ.

ಮೈದುನನ ಮುಖ ಸಣ್ಣದಾಯಿತು. "ಇದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ ಬಡಿಸುವ."

ಒಂದು ವರ್ಷದಿಂದ ಬಾರದ ನಗು ಅಲ್ಲಿಯೇ ಬಂತು. ನಗುತ್ತಲೇ ಬಾಯಿಯೂ ಬಂತು. "ಪೇಪರ್ ತಿದ್ದಿ ಆಯಿತು. ಇನ್ನು ರೀವ್ಯಾಲ್ಯುಯೇಷನ್ ಇಲ್ಲ. ಹೈದರಾಬಾದೇ."

ಈಗ ಸಂಜೆ ಬಾಗಿಲ ಬಳಿ ನನ್ನನ್ನು ಕಾಯುವುದು ಬೆಕ್ಕು ಮಾತ್ರ. ಮೀನು ಹಾಕುವಾಗ ಹೇಳುತ್ತೇನೆ, "ತಿನ್ನು ಮಾರಾಯ. ಅವಳನ್ನು ಕಳಿಸಿದವನು ನೀನೇ ಅಲ್ಲವಾ?"