ಮರದ ಫೋನಿನಲ್ಲಿ ಪ್ರಥಮ ದರ್ಜೆ

ಹಿರಿಯರ ಫೋನ್ ಸಲಹಾ ಕೇಂದ್ರದೊಳಗೆ ಫೋನ್ ತರುವುದನ್ನು ನಿಷೇಧಿಸಲಾಗಿದೆ. ಬಾಗಿಲ ಬಳಿ ಬೀಗ ಹಾಕಿದ ತಗಡಿನ ಪೆಟ್ಟಿಗೆಯಿದೆ. ಫೋನನ್ನು ಅದರಲ್ಲಿ ಹಾಕಿ, ಚೀಟಿ ಪಡೆದು, ಒಳಗೆ ಹೋಗಿ ಫೋನಿನ ಬಗ್ಗೆ ಸಲಹೆ ಪಡೆಯಬೇಕು. ಪಾಠದ ನಡುವೆ ಫೋನ್ ಬಡಿದುಕೊಂಡರೆ ಹಿರಿಯರ ಗಮನ ಕೆಡುತ್ತದೆ ಎಂದು ಸುತ್ತೋಲೆ ಹೇಳುತ್ತದೆ.

ಟೈಪಿಸ್ಟಮ್ಮ ಅಲ್ಲಿಗೆ ಹೋದದ್ದು ಅಕ್ಕನ ಮುಖ ನೋಡುವ ಆಸೆಗೆ. ಬೇರೆ ಊರಿನಲ್ಲಿರುವ ಅಕ್ಕನಿಗೆ ಕಿವಿ ಪೂರ್ತಿ ಹೋಗಿದೆ. ಮುಖ ಕಂಡರೆ ತುಟಿ ನೋಡಿ, ಕೈಸನ್ನೆ ಮಾಡಿ ಮಾತಾಡುತ್ತಾರೆ. ಅದಕ್ಕೇ ಪ್ರತಿ ಭಾನುವಾರ ನಾಲ್ಕಕ್ಕೆ ವೀಡಿಯೊ ಕರೆ. ಹೊಸ ಫೋನಿನಲ್ಲಿ ಹಸಿರು ಗುಂಡಿಯನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ಮೆಲ್ಲಗೆ ಮೇಲಕ್ಕೆ ಸರಿಸಬೇಕು. ಮೂವತ್ತೆಂಟು ವರ್ಷ ಟೈಪ್‌ರೈಟರ್ ಕುಟ್ಟಿ ನಿವೃತ್ತವಾದ ಬೆರಳು ಅದನ್ನೂ ಕುಟ್ಟುತ್ತಿತ್ತು. ಐದು ಭಾನುವಾರ ಅಕ್ಕ ಕಾದು ಕಾದು ಕರೆ ನಿಲ್ಲಿಸಿದ್ದರು.

"ಇದನ್ನ ಎತ್ತೋದು ಹೇಗೆ ಅಂತ ಒಂದ್ಸಲ ತೋರಿಸಿಬಿಡಿ ಸಾರ್, ಸಾಕು."

"ಒಂದ್ಸಲ ತೋರಿಸೋಕೆ ನಿಯಮದಲ್ಲಿ ಅವಕಾಶ ಇಲ್ಲಮ್ಮ," ಎಂದರು ಸಲಹಾಧಿಕಾರಿ. "ಹನ್ನೆರಡು ವಾರದ ಕೋರ್ಸ್ ಇದೆ."

ಅಸಲಿ ಫೋನು ಪೆಟ್ಟಿಗೆಯಲ್ಲಿರುವುದರಿಂದ ಅಭ್ಯಾಸಕ್ಕೆ ಮರದ ಫೋನ್ ಕೊಡಲಾಗುತ್ತದೆ. ಬಡಗಿಯಿಂದ ಮಾಡಿಸಿ, ಹಸಿರು ಗುಂಡಿಯನ್ನು ಬಣ್ಣದಲ್ಲಿ ಬರೆಸಿದ್ದು. ಬಿದ್ದರೆ ಒಡೆಯುವುದಿಲ್ಲ, ಚಾರ್ಜ್ ಬೇಕಿಲ್ಲ, ಮೋಸದ ಕರೆ ಬರುವ ಭಯವೂ ಇಲ್ಲ. ಯಾವ ಕರೆಯೂ ಬರುವುದಿಲ್ಲವಲ್ಲ ಎಂದು ಟೈಪಿಸ್ಟಮ್ಮ ಕೇಳಿದಾಗ ಅಧಿಕಾರಿ ನಕ್ಕರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಟ್ರಿಣ್ ಟ್ರಿಣ್ ಅಂತ ನಾನು ಬಾಯಲ್ಲಿ ಅಂತೀನಿ, ನೀವು ಎತ್ತಿ."

ಅವರು ಟ್ರಿಣ್ ಅಂದರು, ಇವರು ಕುಟ್ಟಿದರು. ಮರ ಏನೂ ಅನ್ನಲಿಲ್ಲ. 'ಕರೆ ಯಶಸ್ವಿಯಾಗಿ ಸ್ವೀಕೃತ' ಎಂದು ಅಧಿಕಾರಿ ಪುಸ್ತಕದಲ್ಲಿ ಬರೆದುಕೊಂಡರು. ಹೀಗೆ ಹನ್ನೆರಡು ವಾರ. ಮನೆಯಲ್ಲಿ ಮಾತ್ರ ಅಕ್ಕನ ಕರೆ ಬಂದು ಬಂದು ನಿಲ್ಲುತ್ತಲೇ ಇತ್ತು. ಕೋರ್ಸ್ ಮುಗಿಯುವ ಮುಂಚೆ ಅಸಲಿ ಫೋನ್ ಮುಟ್ಟಿದ್ದೇ ತಪ್ಪೆಂದು ಅಧಿಕಾರಿ ಗದರಿದರು.

ಪ್ರಮಾಣಪತ್ರ ಪ್ರದಾನ ಸಮಾರಂಭವನ್ನು ಭಾನುವಾರ ನಾಲ್ಕಕ್ಕೇ ಇಡಲಾಯಿತು.

"ಸಾರ್, ನಾಲ್ಕಕ್ಕೆ ನಮ್ಮಕ್ಕ ಮಾಡ್ತಾಳೆ. ಇವತ್ತೊಂದಿನ ಫೋನ್ ಕೈಯಲ್ಲೇ ಇಟ್ಕೊಳ್ಲಾ?"

"ಪ್ರಮಾಣಪತ್ರ ಬರೋ ತನಕ ನಿಮಗೆ ಫೋನ್ ಎತ್ತೋಕೆ ಬರಲ್ಲ ಅಂತಲೇ ಅರ್ಥ ಅಲ್ವೇನಮ್ಮ? ಎತ್ತೋಕೆ ಬರದೇ ಇರೋ ಫೋನ್ ಇಟ್ಕೊಂಡು ಏನ್ ಮಾಡ್ತೀರಿ?"

ಸರಿಯಾಗಿ ನಾಲ್ಕಕ್ಕೆ, ಮುಖ್ಯ ಅತಿಥಿಗಳು ಪ್ರಥಮ ದರ್ಜೆಯ ಪ್ರಮಾಣಪತ್ರವನ್ನು ಟೈಪಿಸ್ಟಮ್ಮನ ಕೈಗಿಡುವಾಗ, ತಗಡಿನ ಪೆಟ್ಟಿಗೆ ಗಡಗಡ ನಡುಗಿತು. ಬೀಗದ ಕೈ ಇಟ್ಟುಕೊಂಡಿದ್ದ ಕಾವಲುಗಾರ ಚಹಾಕ್ಕೆ ಹೋಗಿದ್ದ. ಇಡೀ ಸಭೆ ಪೆಟ್ಟಿಗೆಯ ಕಡೆ ತಿರುಗಿತು.

"ಯಾರೋ ಪಾಪ, ಫೋನ್ ಎತ್ತೋಕೆ ಬರದವರದ್ದು," ಎಂದರು ಮುಖ್ಯ ಅತಿಥಿಗಳು. "ಅವರೂ ಬೇಗ ಇಲ್ಲಿಗೆ ಸೇರ್ಕೊಳ್ಲಿ." ಚಪ್ಪಾಳೆ ಬಿತ್ತು. ಬಹುಮಾನವಾಗಿ ಒಂದು ಮರದ ಫೋನನ್ನೂ ಕೊಡಲಾಯಿತು.

ಮುಂದಿನ ಭಾನುವಾರ ಕರೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮೂರನೇ ವಾರ ಅಕ್ಕನ ಕಾಗದ ಬಂತು: "ನೀನು ಎತ್ತುತ್ತಲೇ ಇಲ್ಲ. ನನಗೇ ಕರೆ ಮಾಡಲು ಬರುವುದಿಲ್ಲವೇನೋ ಅಂದುಕೊಂಡು ಇಲ್ಲಿನ ಸಲಹಾ ಕೇಂದ್ರಕ್ಕೆ ಸೇರಿದ್ದೇನೆ. ಮರದ ಫೋನ್ ಕೊಟ್ಟಿದ್ದಾರೆ. ಬಹಳ ಸುಲಭ ಕಣೇ."

ಈಗ ಭಾನುವಾರ ನಾಲ್ಕಕ್ಕೆ ಟೈಪಿಸ್ಟಮ್ಮ ಮರದ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ತಲೆ ಬಾಚಿಕೊಂಡು ಕೂರುತ್ತಾರೆ. ಊಟ ಆಯ್ತಾ, ಮಂಡಿ ನೋವು ಹೇಗಿದೆ ಎಂದು ಕೈಸನ್ನೆ ಮಾಡಿ ಕೇಳುತ್ತಾರೆ. ಆ ಊರಿನಲ್ಲಿ ಅಕ್ಕನೂ ಹಾಗೇ ಕೂರುತ್ತಾರಂತೆ. ಅಕ್ಕತಂಗಿಯರ ನಡುವೆ ಕರೆ ಒಮ್ಮೆಯೂ ಕಡಿತಗೊಂಡಿಲ್ಲ ಎಂದು ಕೇಂದ್ರದ ವಾರ್ಷಿಕ ವರದಿಯಲ್ಲಿ ದಾಖಲಾಗಿದೆ. ನಿಜವೆಂದು ಟೈಪಿಸ್ಟಮ್ಮ ಸಹಿ ಹಾಕಿಕೊಟ್ಟಿದ್ದಾರೆ.