ಬೀಗರ ನಡುವಿನ ಬಳೆ

ಎಲ್ಲ ರಾದ್ಧಾಂತಕ್ಕೂ ಕಾರಣ ಅಂಗೈಯಗಲದ ಒಂದು ಕಪ್ಪು ಬಳೆ. ಕನಕರಾಜ ಮೇಷ್ಟ್ರು ಅದಕ್ಕೆ ಕೆಂಪು ತಾಮ್ರದ ತಂತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಸುಸ್ತಾಗಿದ್ದರು. ಹವ್ಯಾಸಿ ರೇಡಿಯೋ ಪರವಾನಗಿ ಸಿಕ್ಕಿತ್ತು, ರಾಯಚೂರಿನ ತಮ್ಮ ಮನೆಯ ಮಾಳಿಗೆಯ ಮೇಲೆ ಉದ್ದನೆಯ ಏರಿಯಲ್ ತಂತಿಯನ್ನೂ ಕಟ್ಟಿದ್ದರು. ದೇವದುರ್ಗದಲ್ಲಿ ಇಂಥದೇ ರೇಡಿಯೋ ಇಟ್ಟುಕೊಂಡಿದ್ದ ಗೆಳೆಯ ಪರಮಣ್ಣನ ದನಿ ಮಾತ್ರ ಬರುತ್ತಿರಲಿಲ್ಲ. ಬರುತ್ತಿದ್ದುದು ಮಿರ್ಚಿ ಭಜಿ ಕರಿಯುವ ಸದ್ದು.

"ಇವತ್ತು ಸಂಜಿತನ ನೋಡ್ತೀನಿ," ಹೆಂಡತಿ ಲಲಿತಾ ಖಡಾಖಂಡಿತವಾಗಿ ಹೇಳಿದಳು. "ಪರಮಣ್ಣನ ದನಿ ಬಂತಂದ್ರ ತಂತಿ ನಿಮ್ದು. ಬರ್ಲಿಲ್ಲಂದ್ರ ನಾಳಿಂದ ಬಟ್ಟಿ ಒಣಗಸಾಕ ನಂಗ."

"ಬಂದೇ ಬರ್ತದ! ರೇಡಿಯೋ, ತಂತಿ ಅಂದ್ರ ಹೊಸಾ ಬೀಗರಿದ್ದಂಗ. ಇಬ್ರ ಗತ್ತು ಬ್ಯಾರೆ ಬ್ಯಾರೆ. ಇವ್ರು ಕೊಟ್ಟಿದ್ದನ್ನ ಅವ್ರು ವಾಪಸ್ ಕಳಸ್ತಾರ. ನಡುವ ಈ ಬಳಿ, ಅಂದ್ರ ಟ್ರಾನ್ಸ್‌ಫಾರ್ಮರ್, ಕುಂತು ರಾಜಿ ಮಾಡಸ್ತದ."

"ನಮ್ ಮದಿವ್ಯಾಗೂ ಒಂದು ಕುಂದ್ರಸಬೇಕಿತ್ತು," ಎಂದು ಲಲಿತಾ ಒಳಗೆ ಹೋದಳು.

ಮಾಳಿಗೆಯಲ್ಲಿ ತಂತಿಗೂ ಕೇಬಲ್‌ಗೂ ನಡುವೆ ಬಳೆ ಜೋಡಿಸುವಾಗ ಪಕ್ಕದ ಮನೆಯ ಜಂಬಣ್ಣ ಹಾಜರಾದ. ಕರೆಯದಿದ್ದರೂ ಬಂದು ಸಲಹೆ ಕೊಡುವ ಧರ್ಮಾತ್ಮ.

"ಸುತ್ತು ಕಮ್ಮಿ ಆದ್ವು ಸರ. ನಮ್ ಮಾನ್ವಿಯಾಗ ಮೋಟರಿಗೆ ಎಷ್ಟು ಸುತ್ತತಾರ ಗೊತ್ತೇನ್ರಿ?"

"ಇದು ಮೋಟರ್ ಅಲ್ಲೋ ಮಾರಾಯಾ!"

ಆದರೂ ಅನುಮಾನ ಹತ್ತಿ ನಾಲ್ಕು ಸುತ್ತು ಹೆಚ್ಚಿಸಿದರು. ಕೆಳಗಿನ ರೇಡಿಯೋದಲ್ಲಿ ಭಜಿಯ ಸದ್ದು ಜೋರಾಯಿತು. ಆರು ಸುತ್ತು ಬಿಚ್ಚಿದರು. ಸದ್ದೇ ಅಡಗಿತು. ಸರಿ ಯಾವುದು, ತಪ್ಪು ಯಾವುದು ಎಂಬುದೇ ತಿಳಿಯದಾಗಿ, ತಲೆ ಕೆಟ್ಟು ಊಟಕ್ಕೆ ಇಳಿದರು.

ಸಂಜೆ ದೇವರ ಮೇಲೆ ಭಾರ ಹಾಕಿ ರೇಡಿಯೋ ತಿರುಗಿಸಿ ಗೆಳೆಯನನ್ನು ಕೂಗಿದರೆ, "ರಾಯಚೂರು, ರಾಯಚೂರು! ನಾ ದೇವದುರ್ಗದ ಪರಮಣ್ಣ. ಗಂಟಿ ಹೊಡದಂಗ ಕೇಳಾಕತ್ತದ!"

ಮೇಷ್ಟ್ರಿಗೆ ಕುಣಿಯುವುದೊಂದು ಬಾಕಿ. ಲಲಿತಾ ಕೂಡ ಬೆರಗಾಗಿ, "ತಂತಿ ನಿಮ್ದೇ ತಗೋರಿ," ಎಂದಳು. ಬಳೆಗೆ ಕುಂಕುಮ ಹಚ್ಚಲು ಅವರು ಮಾಳಿಗೆಗೆ ಓಡಿದರು.

ಬಳೆ ಇರಲಿಲ್ಲ. ತಂತಿಯ ಮೇಲೆ ನೀರು ಸೋರುವ ದೊಡ್ಡ ಕೌದಿ ತೂಗುತ್ತಿತ್ತು. ಪಕ್ಕದಲ್ಲಿ ಹಿಂದಿನ ಮನೆಯ ಬಡೇಬೀ ನಿಂತಿದ್ದಳು.

"ಗಾಬರಿ ಆಗಬ್ಯಾಡ ಬೇಟಾ. ಕೆಂಪು ದಾರ ಸುತ್ತಿದ ಬಳಿ ಯಾರೋ ಕಟ್ಟಿದ್ರು. ಜಾದೂ ಮಾಡ್ಯಾರ ನಿಂಗ! ಮಾವಿನಕೆರಿಗೆ ಒಗದು ಬಂದೀನಿ. ಬಳಿ ತಗದಾಗ ತಂತಿ ಎರಡು ತುಂಡಾತಲ್ಲ, ಗಂಟು ಹಾಕಿ ಕೌದಿ ಹಾಕೀನಿ."

ಮೇಷ್ಟ್ರು ಸಿಟ್ಟಿನಿಂದ ಕೌದಿ ಎಳೆದರು.

"ರೀ, ದನಿ ಹೋತು!" ಕೆಳಗಿನಿಂದ ಲಲಿತಾ ಕೂಗಿದಳು.

ಮತ್ತೆ ಹಾಕಿದರು.

"ಬಂತು!"

ತೆಗೆದರೆ ಹೋಯಿತು, ಹಾಕಿದರೆ ಬಂತು. ಓದಿದ ಯಾವ ಪುಸ್ತಕದಲ್ಲೂ ಹಸಿ ಕೌದಿಯ ಪ್ರಸ್ತಾಪ ಬಂದ ನೆನಪು ಅವರಿಗಿರಲಿಲ್ಲ. ಕೌದಿ ಆರುತ್ತ ಬಂದಂತೆ ಪರಮಣ್ಣನ ದನಿಯೂ ಗೊಗ್ಗರಾಯಿತು.

ಅಷ್ಟರಲ್ಲಿ ಲಲಿತಾ ಮೇಲೆ ಬಂದಳು. ಕೌದಿ ನೋಡಿದಳು, ಗಂಡನನ್ನು ನೋಡಿದಳು, ಕೆಳಗಿಳಿದು ಮನೆಯ ಮೈಲಿಗೆ ಬಟ್ಟೆಯನ್ನೆಲ್ಲ ತಂದು ಅವರ ಮುಂದೆ ಸುರಿದಳು.

"ನಾ ಮಾತಿಗೆ ತಪ್ಪಾಕಿ ಅಲ್ರಿ. ತಂತಿ ನಿಮ್ದು," ಎಂದು ಸೋಪು ಕೈಗಿಟ್ಟಳು. "ಒಗದು ಹಾಕೂದೂ ನಿಮ್ದ."