ಅರ್ಧಕ್ಕೆ ನಿಂತ ಬಾವುಟ

ಬಾವುಟ ಅರ್ಧಕ್ಕೆ ಸಿಕ್ಕಿಕೊಂಡಿತು. ಆದದ್ದು ಇಷ್ಟೇ. ಮುಂದಿನ ಅನಾಹುತಕ್ಕೆಲ್ಲ ಕಾರಣ ಕಂಬದ ತುದಿಯ ಒಂದು ತುಕ್ಕು ಹಿಡಿದ ರಾಟೆ, ಮತ್ತೆ ಡೆಸ್ಮಂಡ್ ಟಫ್ನೆಲ್ಲನ ಹಾಳು ಸಂಕೋಚ.

ಡೇನಿಷ್ ಊರಾದ ಆರ್ಹೂಸಿನ ಬಂದರಿನ ಹಿಂದಿರುವ ಆ ಕೆಂಪಿಟ್ಟಿಗೆಯ ವಠಾರದಲ್ಲಿ ಯಾರದೇ ಹುಟ್ಟುಹಬ್ಬ ಬರಲಿ, ಬೆಳಿಗ್ಗೆ ಅಂಗಳದ ಕಂಬದ ತುದಿಗೆ ಬಾವುಟ ಏರಲೇಬೇಕು. ಇವತ್ತು ವಠಾರದ ಅಧ್ಯಕ್ಷೆ ಆಗ್ನೆಟಳಿಗೆ ಎಪ್ಪತ್ತು ತುಂಬಿತ್ತು. ಏರಿಸುವ ಕೆಲಸವನ್ನು ಡೆಸ್ಮಂಡನೇ ಬೇಡಿ ಪಡೆದಿದ್ದ. ಅವನಿಗೆ ಅದರ ಗರಜು ಇತ್ತು. ಕಸದ ಕೋಣೆಯ ಪಕ್ಕದ ಕೆಳಮನೆಯನ್ನು ವಠಾರದ ಸಂಘ ಅವನಿಗೆ ಎರಡು ವರ್ಷದ ಮಟ್ಟಿಗೆ ಕೊಟ್ಟಿತ್ತು. ಆ ಅವಧಿ ಈ ತಿಂಗಳಿಗೆ ಮುಗಿಯುತ್ತಿತ್ತು. ಖಾಯಂ ಮಾಡಬೇಕೋ, ಗಂಟುಮೂಟೆ ಕಟ್ಟಿಸಬೇಕೋ ಅಂತ ಇವತ್ತು ಹುಟ್ಟುಹಬ್ಬದ ಊಟದಲ್ಲೇ ತೀರ್ಮಾನವಾಗಬೇಕಿತ್ತು. ಕಟ್ಟಿಸಿದರೋ ಮುಗಿಯಿತು. ಆ ಊರಲ್ಲಿ ಪರದೇಶಿಗೆ ಇನ್ನೊಂದು ಸೂರು ಸಿಗುವುದೆಂದರೆ ಮರಳಲ್ಲಿ ಎಣ್ಣೆ ಹಿಂಡಿದ ಹಾಗೆ. ಐವತ್ತು ದಾಟಿದ ಮೇಲೆ ಇಂಗ್ಲೆಂಡಿನ ಹಲ್ ಊರಿಗೆ ಮರಳಿ ಅಕ್ಕನ ಅಟ್ಟದ ಮೇಲೆ, ಭಾವನ ಹರಕು ಮೀನುಬಲೆಗಳ ನಡುವೆ ಮಲಗಬೇಕಾಗುತ್ತಿತ್ತು.

ವಠಾರದವರು ಕೆಟ್ಟವರೇನಲ್ಲ. ಅವನು ಕಷ್ಟಪಟ್ಟು ಕಲಿತ ಡೇನಿಷ್‌ನಲ್ಲಿ ಬಾಯಿ ತೆರೆದರೆ ಸಾಕು, ಎಲ್ಲರೂ ತಟ್ಟನೆ ಇಂಗ್ಲಿಷಿಗೆ ಹೊರಳುತ್ತಿದ್ದರು. ಇಂಗ್ಲಿಷಿನಲ್ಲಿ "ಇವತ್ತು ಗಾಳಿ ಜಾಸ್ತಿ" ಅಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಎರಡು ವರ್ಷದಲ್ಲಿ ಒಬ್ಬರಾದರೂ ಒಳಗೆ ಕರೆದು ಒಂದು ಲೋಟ ಕಾಫಿ ಕೊಟ್ಟವರಿಲ್ಲ.

ಅಕ್ಟೋಬರಿನ ಜಿಟಿಜಿಟಿ ಮಳೆಯಲ್ಲಿ ನಿಂತು ಡೆಸ್ಮಂಡ್ ಹಗ್ಗ ಜಗ್ಗಿದ. ಬಾವುಟ ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ತ್ರಿಶಂಕುವಿನ ಹಾಗೆ ನಡುವೆ ನೇತಾಡುತ್ತಿತ್ತು. ಅರ್ಧಕ್ಕೆ ನಿಂತ ಬಾವುಟವೆಂದರೆ ಮನೆಯಲ್ಲಿ ಸಾವು ಎಂದು ಅವನಿಗೂ ಗೊತ್ತಿತ್ತು. ಅಷ್ಟರಲ್ಲಿ ಬೇಕರಿಯಿಂದ ಬನ್ನಿನ ಚೀಲ ಹಿಡಿದು ಪ್ರೆಬೆನ್ ಬಂದ. ಬಸ್ ಓಡಿಸಿ ನಿವೃತ್ತನಾದವನು, ಊರ ಉಸಾಬರಿಯೆಲ್ಲ ಅವನದೇ. ಬಾವುಟ ನೋಡಿದವನೇ ಟೋಪಿ ತೆಗೆದ.

"ಅಯ್ಯೋ ದೇವ್ರೇ! ಯಾರು ಹೋದ್ರು ದೊರೆ?"

ಯಾರೂ ಹೋಗಿಲ್ಲ ಕಣಯ್ಯ, ರಾಟೆ ಸಿಕ್ಕಿಕೊಂಡಿದೆ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅಧ್ಯಕ್ಷೆಯ ಹುಟ್ಟುಹಬ್ಬದ ದಿನವೇ, ತನ್ನ ಮನೆಯ ತೀರ್ಮಾನದ ದಿನವೇ, ಸಾವಿನ ಬಾವುಟ ಹಾರಿಸಿದೆ ಅಂತ ಯಾವ ಬಾಯಲ್ಲಿ ಹೇಳುವುದು? ಡೆಸ್ಮಂಡ್ ಹಗ್ಗವನ್ನೇ ಇನ್ನೊಮ್ಮೆ ಜಗ್ಗಿದ.

"ಐನಾರ್ ತಾತನಾ?" ಪ್ರೆಬೆನ್ ಎರಡನೇ ಮಹಡಿಯತ್ತ ಕಣ್ಣು ಮಾಡಿದ. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಆ ಒಂಟಿ ಮುದುಕ ಆಸ್ಪತ್ರೆ ಸೇರಿ ವಾರದ ಮೇಲಾಗಿತ್ತು.

"ವಯಸ್ಸಾಗಿತ್ತು, ಪಾಪ," ಎಂದುಬಿಟ್ಟ ಡೆಸ್ಮಂಡ್. ಐದು ನಿಮಿಷದಲ್ಲಿ ಏಣಿ ತಂದು ರಾಟೆ ಸರಿಮಾಡಿದರೆ ಎಲ್ಲ ತಿಳಿಯಾಗುತ್ತದೆ ಎಂಬುದು ಅವನ ಲೆಕ್ಕಾಚಾರ.

ಏಣಿಯ ಕೋಣೆಯ ಬೀಗದ ಕೈ ಆಗ್ನೆಟಳ ಬಳಿ ಇತ್ತು. ಅವನು ಹೋಗುವಷ್ಟರಲ್ಲಿ ಸುದ್ದಿ ಮೂರೂ ಮಹಡಿ ಹತ್ತಿ ಇಳಿದಿತ್ತು. ಆಗ್ನೆಟ ಆಗಲೇ ಕಪ್ಪು ಬಟ್ಟೆ ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

"ಅದು... ಏಣಿ ಬೇಕಿತ್ತು..."

"ಏಣಿ ಆಮೇಲಾಯ್ತು, ಒಳಗೆ ಬನ್ನಿ. ನನ್ನ ಹುಟ್ಟುಹಬ್ಬ ಹಾಳಾಗ್ಲಿ, ಅದೇನು ವರ್ಷವರ್ಷ ಬರುತ್ತೆ." ಅವನ ಎರಡೂ ಕೈ ಹಿಡಿದುಕೊಂಡಳು. "ಯಾರೂ ಹೇಳದೆ ನೀವಾಗಿ ನೀವೇ ಬಾವುಟ ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಕರುಳು ಚುರುಕ್ಕಂತು ಡೆಸ್ಮಂಡ್. ಇವತ್ತು ನೀವು ನಮ್ಮೋರಾದ್ರಿ." ಕಾಫಿ ಬಗ್ಗಿಸಿ ಕೊಟ್ಟಳು.

ಡೆಸ್ಮಂಡನಿಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು. ಕಾಫಿ ಮಾತ್ರ ಕುಡಿದ.

ಆಸ್ಪತ್ರೆಗೊಂದು ಫೋನ್ ಮಾಡಿ ವಿಚಾರಿಸೋಣ ಎಂದು ಯಾರಿಗೂ ಹೊಳೆಯಲಿಲ್ಲ. ಮುದುಕ ಬದುಕಿದ್ದಾಗಲೇ ಮಾಡದವರು ಸತ್ತ ಮೇಲೆ ಯಾಕೆ ಮಾಡುತ್ತಾರೆ? ಮಧ್ಯಾಹ್ನ ಸಭೆಯ ಕೋಣೆಯಲ್ಲಿ ಹುಟ್ಟುಹಬ್ಬದ ಊಟವೇ ತಿಥಿಯೂಟವಾಯಿತು. ಕೇಕಿಗೆ ಚುಚ್ಚಿದ್ದ ಪುಟ್ಟ ಬಾವುಟಗಳನ್ನು ಕಿತ್ತು, ನಡುವೆ ಮೇಣದ ಬತ್ತಿ ನಿಲ್ಲಿಸಿದರು. ಹೆರಿಂಗ್ ಮೀನು, ಕಪ್ಪು ರೊಟ್ಟಿ, ಸ್ನ್ಯಾಪ್ಸ್ ಮದ್ಯ ಎಲ್ಲ ಇತ್ತು. ಐನಾರ್ ತಾತ ಚಿನ್ನದಂಥವರು ಎಂದು ಒಬ್ಬೊಬ್ಬರೂ ಎರಡೆರಡು ಮಾತು ಹೇಳಿದರು. ಎರಡನೇ ಸುತ್ತು ಸ್ನ್ಯಾಪ್ಸ್ ಇಳಿಯುವ ಹೊತ್ತಿಗೆ ಮಾತು ಚಿನ್ನದಿಂದ ತಾತನ ಮನೆಯ, ಬಂದರು ಕಾಣುವ ಬಾಲ್ಕನಿಗೆ ಬಂತು.

"ಅವರ ಮನೆ ನನ್ನ ಗೋಡೆಗೇ ಅಂಟ್ಕೊಂಡಿದೆ," ಎಂದಳು ಆಗ್ನೆಟ. "ಗೋಡೆ ಒಡೆದ್ರೆ ಒಂದೇ ಮನೆ."

"ಒಂಟಿ ಹೆಂಗಸಿಗೆ ಎರಡು ಮನೆಯಾ? ನನ್ನ ಮಗಳು ಕೂಸು ಕಟ್ಕೊಂಡು ಬಾಡಿಗೆ ಗೂಡಲ್ಲಿ ಕೊಳೀತಿದಾಳೆ," ಪ್ರೆಬೆನ್ ಮೇಜು ಗುದ್ದಿದ.

"ಹೆಣ ಇನ್ನೂ ಬೆಚ್ಚಗಿದೆ, ಪ್ರೆಬೆನ್!"

"ಗೋಡೆ ಒಡೆಯೋ ಮಾತು ತೆಗ್ದಿದ್ದು ನಾನಾ?"

ಜಗಳ ಬೇಡವೆಂದು ಆಗ್ನೆಟ ಮಾತು ತಿರುಗಿಸಿದಳು. "ಮೊದಲು ಡೆಸ್ಮಂಡ್ ವಿಷಯ ಮುಗಿಸೋಣ. ಖಾಯಂ ಮಾಡೋಕೆ ಯಾರ್ಯಾರು ಒಪ್ತೀರಿ?" ಎಲ್ಲ ಕೈಗಳೂ ಮೇಲೆದ್ದವು. ಡೆಸ್ಮಂಡನ ಕಣ್ಣು ಮಂಜಾಯಿತು. ಅದೇ ಗಳಿಗೆಗೆ ಬಾಗಿಲು ತೆರೆಯಿತು. ಊರುಗೋಲೂರಿಕೊಂಡು, ಒದ್ದೆ ಕೋಟಿನಲ್ಲಿ ಐನಾರ್ ತಾತ ನಿಂತಿದ್ದ.

"ಬಾವುಟ ಅರ್ಧಕ್ಕಿದೆಯಲ್ಲ," ಎಂದ. "ಯಾರು ಸತ್ತದ್ದು?"

ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಕೊನೆಗೆ ಪ್ರೆಬೆನ್ ಗಂಟಲು ಸರಿಮಾಡಿಕೊಂಡು, "ನೀವೇ," ಎಂದ.

ಆಮೇಲಿನ ಗದ್ದಲ ಕೇಳಬೇಡಿ. ಡೆಸ್ಮಂಡ್ ಮುಖ ಕೆಂಪಗೆ ಮಾಡಿಕೊಂಡು ಇದ್ದದ್ದನ್ನು ಇದ್ದಹಾಗೆ ಒಪ್ಪಿಕೊಂಡ. "ಬದುಕಿರೋರನ್ನ ಸಾಯ್ಸೋ ಮನುಷ್ಯ ನಮ್ಮ ವಠಾರಕ್ಕೆ ಬೇಡ, ಕೈ ಇಳಿಸ್ರಿ ಎಲ್ಲ!" ಎಂದು ಆಗ್ನೆಟ ಕೂಗಿದಳು. ಕೈಗಳು ಇಳಿದವು. ಹಲ್ ಊರಿನ ಅಟ್ಟ, ಮೀನುಬಲೆಯ ವಾಸನೆ ಡೆಸ್ಮಂಡನ ಮೂಗಿಗೆ ಬಡಿಯಿತು.

ಮುದುಕ ಮಾತ್ರ ನಿಧಾನವಾಗಿ ಕುರ್ಚಿ ಎಳೆದುಕೊಂಡು ಕೂತು, ತನ್ನ ತಿಥಿಯ ಮೀನನ್ನು ತಾನೇ ಬಡಿಸಿಕೊಂಡ. "ಆಸ್ಪತ್ರೆಗೆ ಒಂದು ನರಪಿಳ್ಳೆ ಬರ್ಲಿಲ್ಲ," ಎಂದ. "ದಿನಾ ಬಾಗಿಲು ನೋಡ್ತಿದ್ದೆ. ಸತ್ತ ಮೇಲೆ ನೋಡು, ಪಂಕ್ತಿಗೆ ಜಾಗ ಇಲ್ಲ!" ನಗತೊಡಗಿದ. ನಕ್ಕು ನಕ್ಕು ಕೆಮ್ಮಿದ. "ನನ್ನ ಬಾಲ್ಕನಿ ಬೇಕಾ ನಿಮಗೆ? ಹೊರಗೇ ನಿಂತು ಎಲ್ಲ ಕೇಳಿಸ್ಕೊಂಡೆ ಕಣ್ರೋ. ಮಕ್ಕಳಿಲ್ಲದೋನು ತನ್ನ ಮನೆ ಯಾರಿಗೆ ಅಂತ ಬಾಯಲ್ಲಿ ಹೇಳಿದ್ರೆ ಸಾಕು, ಸಂಘದ ನಿಯಮ, ಅಲ್ವೇನಮ್ಮ ಅಧ್ಯಕ್ಷೆ? ಹಾಗಾದ್ರೆ ಕೇಳ್ರಿ. ನಿಮ್ಮ ಯಾರಿಗೂ ಇಲ್ಲ. ನನ್ನ ಕೊಂದೋನಿಗೇ ನನ್ನ ಮನೆ! ಲೋ ಇಂಗ್ಲಿಷಪ್ಪ, ಇವತ್ತಿನಿಂದ ನನ್ನ ಪಕ್ಕದ ಕೋಣೇಲಿ ಇರು. ನಾನು ಹೋದ ಮೇಲೆ ಎಲ್ಲಾ ನಿಂದೇ."

ಡೆಸ್ಮಂಡ್ ಗಳಗಳನೆ ಅತ್ತುಬಿಟ್ಟ. ಮುದುಕನ ಕೈಚೀಲ ಹೊತ್ತು ಮೇಲೆ ಹೋದ, ಕಾಫಿ ಮಾಡಿದ. ಇಬ್ಬರೂ ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂತು ಬಂದರಿನ ಕ್ರೇನುಗಳನ್ನು ನೋಡಿದರು. ಮುದುಕ ಡೇನಿಷ್‌ನಲ್ಲೇ ಮಾತಾಡಿದ. ಒಮ್ಮೆಯೂ ಇಂಗ್ಲಿಷಿಗೆ ಹೊರಳಲಿಲ್ಲ. ಹಳೆಯ ಹಡಗುಗಳ ಕತೆ ಹೇಳುತ್ತ ಹೇಳುತ್ತ ಸುಮ್ಮನಾದ. ದೊಡ್ಡವರು ಮೌನವಾಗಿದ್ದಾಗ ಬಾಯಿ ಹಾಕಬಾರದೆಂದು ಡೆಸ್ಮಂಡನೂ ಮರ್ಯಾದೆಯಿಂದ ಸುಮ್ಮನೆ ಕೂತ. ಕತ್ತಲಾಗುತ್ತ ಬಂತು. ಚಳಿಯಾಗುತ್ತಿದೆ, ಒಳಗೆ ಹೋಗೋಣವೇ ಎಂದು ಕೈ ಮುಟ್ಟಿದರೆ, ಆ ಕೈ ತಣ್ಣಗಿತ್ತು.

ಮನೆಯಲ್ಲಿ ಯಾರೇ ಹೀಗೆ ಹೋದರೂ ವೈದ್ಯರ ಜೊತೆ ಪೊಲೀಸರು ಬರುವುದು ಪದ್ಧತಿ. ಸಿಸೆಲ್ ಎಂಬ ಪೊಲೀಸ್ ಹುಡುಗಿ ಬೂಟು ಬಾಗಿಲಲ್ಲೇ ಕಳಚಿ ಕಾಲುಚೀಲದಲ್ಲಿ ಒಳಗೆ ಬಂದಳು. ವಠಾರವೆಲ್ಲ ಬಾಗಿಲಲ್ಲಿ ನೆರೆದಿತ್ತು.

"ಜೀವ ಹೋಗಿ ಒಂದು ಗಂಟೆ ಆಗಿರ್ಬಹುದು, ಅಷ್ಟೇ," ಎಂದರು ವೈದ್ಯರು.

ಸಿಸೆಲ್ ಪ್ರೆಬೆನ್ನನ ಕಡೆ ತಿರುಗಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ," ಎಂದ ಪ್ರೆಬೆನ್.

"ಬೆಳಿಗ್ಗೆನಾ?"

"ಬನ್ ತರೋಕೆ ಹೋಗಿದ್ದೆ. ಇವರು ಆಗ್ಲೇ ಬಾವುಟ ಅರ್ಧಕ್ಕೆ ಏರ್ಸಿ ನಿಂತಿದ್ರು. ತಾತನಾ ಅಂದೆ. ವಯಸ್ಸಾಗಿತ್ತು ಪಾಪ ಅಂದ್ರು."

ಸಿಸೆಲ್ ಬಾಲ್ಕನಿಯಲ್ಲಿದ್ದ ಕಾಫಿ ಲೋಟವನ್ನು ನೋಡಿದಳು. "ಇದನ್ನ ಮಾಡಿದ್ಯಾರು?"

"ನಾನು," ಎಂದ ಡೆಸ್ಮಂಡ್.

"ಈ ಮನೆ ಯಾರಿಗೆ ಸೇರುತ್ತೆ?"

"ಇವರಿಗೇ," ಆಗ್ನೆಟ ಕಣ್ಣೊರೆಸಿಕೊಂಡಳು. "ಊಟದ ಹೊತ್ತಲ್ಲಿ ಎಲ್ಲರ ಎದುರಿಗೇ ಹೇಳಿದ್ರು ಪಾಪ. ನನ್ನ ಕೊಂದೋನಿಗೇ ನನ್ನ ಮನೆ ಅಂತ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಡೆಸ್ಮಂಡ್ ಬಾಯಿ ತೆರೆದ. "ರಾಟೆ ತುಕ್ಕು ಹಿಡಿದಿತ್ತು," ಎಂದ. ಬೆಳಿಗ್ಗೆ ಆಡಬೇಕಾದ ಮಾತನ್ನು ಸಂಜೆ ಆಡಿದರೆ ಯಾರು ನಂಬುತ್ತಾರೆ?

"ಸ್ವಲ್ಪ ಠಾಣೆಗೆ ಬರ್ಬೇಕಾಗುತ್ತೆ," ಎಂದಳು ಸಿಸೆಲ್, ಬಹಳ ವಿನಯದಿಂದ. "ದಪ್ಪ ಕೋಟೇ ಹಾಕ್ಕೊಳ್ಳಿ, ಹೊರಗೆ ಚಳಿ."

ಆಗ್ನೆಟ ಅವಳ ತೋಳು ಮುಟ್ಟಿ ಮೆಲ್ಲಗೆ ಕೇಳಿದಳು. "ಅಲ್ಲಮ್ಮ, ಕೊಂದೋರಿಗೆ ಮನೆ ಸೇರೋ ಹಾಗಿಲ್ಲ, ಅಲ್ವಾ?"

"ಇನ್ನೂ ಏನೂ ಸಾಬೀತಾಗಿಲ್ಲ ಮೇಡಂ."

"ಆದ್ರೆ?"

"ಆದ್ರೆ ಸೇರಲ್ಲ."

ಡೆಸ್ಮಂಡ್ ಮೆಟ್ಟಿಲಿಳಿಯುತ್ತಿದ್ದ. ಮೇಲಿನಿಂದ ಪ್ರೆಬೆನ್ನನ ದನಿ ಕೇಳಿಸಿತು. ಮಧ್ಯಾಹ್ನದ ಸಿಟ್ಟೆಲ್ಲ ಅದರಲ್ಲಿ ಇಳಿದುಹೋಗಿತ್ತು.

"ಹಾಗಾದ್ರೆ ಬಾಲ್ಕನಿ ನೀನೇ ಇಟ್ಕೋ, ಆಗ್ನೆಟ. ನನ್ನ ಮಗಳಿಗೆ ಆ ಕಸದ ಕೋಣೆ ಪಕ್ಕದ್ದೇ ಸಾಕು. ಅದೂ ಖಾಲಿ ಆಯ್ತಲ್ಲ."